ಆಪರೇಷನ್ನಿನ ಅನಂತರ ಒಂದು ವಾಸನೆಯ ವಿಚಾರ

ಸಂಘದ ಪತ್ರಿಕೆಯಲ್ಲಿ ಇಂತಹ ವಿಷಯವೇ ಎಂದು ಮೂಗು ಮುರಿಯುವ ವಾಚಕರು ಇದ್ದಾರೆಂಬುದನ್ನು ನಾವು ಬಲ್ಲೆವು. ಹಬ್ಬದ ಅಡಿಗೆ, ಮಕ್ಕಳ ನಾಟಕ, ಊರ ಜಾತ್ರೆಯ ನೆನಪು, ಇವುಗಳ ನಡುವೆ ಮೂತ್ರದ ವಾಸನೆಯನ್ನು ತಂದಿಡುವುದು ಸಭ್ಯತೆಯೇ ಎಂದು ಕೇಳಿಯಾರು. ಆದರೆ ಈ ಮಾತನ್ನು ಆಡಲು ನಾಚಿದ್ದರಿಂದ ನಮ್ಮ ಮಾವನವರ ಮನೆಯಲ್ಲಿ ಎರಡು ತಿಂಗಳು ನೆಮ್ಮದಿ ಇಲ್ಲವಾಯಿತು. ಆಡಿದ ಮಾತನ್ನು ಪೂರ್ತಿ ಕೇಳಿಸಿಕೊಳ್ಳದ್ದರಿಂದ ಸೂರತ್ತಿನ ನಮ್ಮ ಹಿರಿಯ ಮಿತ್ರರೊಬ್ಬರ ಪ್ರಾಣಕ್ಕೇ ಕುತ್ತು ಬಂದಿತ್ತು. ಎರಡನೆಯದರಲ್ಲಿ ತಪ್ಪು ನಮ್ಮದೇ. ಆದ್ದರಿಂದ ಬರೆಯುತ್ತಿದ್ದೇವೆ.

ಮಾವನವರು ಮೂಲ ಗದಗಿನ ಕಡೆಯವರು. ವಡೋದರೆಯ ಕಾರ್ಖಾನೆಯೊಂದರಲ್ಲಿ ೩೦ ವರ್ಷಕ್ಕೂ ಮೇಲೆ ದುಡಿದು ಅಲ್ಲಿಯೇ ನೆಲೆನಿಂತವರು. ಈಗ ಅವರಿಗೆ ೭೦ ನಡೆಯುತ್ತಿದೆ. ನಾಲ್ಕಾರು ವರ್ಷಗಳಿಂದ ರಾತ್ರಿ ಐದೈದು ಸಲ ಏಳುವರು. ಬಚ್ಚಲಿಗೆ ಹೋದರೆ ನಿಂತೇ ನಿಲ್ಲುವರು. ಹನಿ ಹನಿಯಾಗಿ ಬರುವುದು. 'ವಯಸ್ಸಿನದು' ಎಂದು ಅವರೂ ಅಂದರು, ನಾವೂ ಅಂದೆವು. ಹೋದ ವರ್ಷದ ಸಂಕ್ರಾಂತಿಯ ದಿನ, ಎಂದರೆ ಇಲ್ಲಿನವರ ಉತ್ತರಾಯಣದ ದಿನ, ಬೆಳಗಿನಿಂದ ಸಂಜೆಯ ತನಕ ಮಾಳಿಗೆಯ ಮೇಲೆ ಮೊಮ್ಮಕ್ಕಳ ಜೊತೆ ಗಾಳಿಪಟ ಹಾರಿಸುತ್ತ ನಿಂತುಬಿಟ್ಟರು. ಕೆಳಗಿಳಿಯಲು ಬೇಸರವೆಂದು ಮೂತ್ರವನ್ನು ತಡೆದುಕೊಂಡಿದ್ದರಂತೆ. ಹೊರಗೆ ಚಳಿಗಾಳಿ. ರಾತ್ರಿ ಒಂದು ಹನಿಯೂ ಬಾರದಾಯಿತು. ಕಿಬ್ಬೊಟ್ಟೆ ತೆಂಗಿನಕಾಯಿಯಂತೆ ಗಟ್ಟಿಯಾಯಿತು. ಮಧ್ಯರಾತ್ರಿಯಲ್ಲಿ ಆಸ್ಪತ್ರೆಗೆ ಒಯ್ದಾಗ ಡಾಕ್ಟರರು ರಬ್ಬರಿನ ನಳಿಗೆಯನ್ನು ಹಾಕಿದರು. ಸುಮಾರು ಒಂದು ಲೀಟರು ಹೊರಬಂದಿತು. ಮಾವನವರು ಆ ಡಾಕ್ಟರರ ಕೈಯನ್ನು ಹಿಡಿದು ಅತ್ತರೆಂದು ಅತ್ತೆಯವರು ಹೇಳುತ್ತಾರೆ. ಹತ್ತು ದಿನಗಳ ಮೇಲೆ ಪ್ರಾಸ್ಟೇಟ್ ಆಪರೇಷನ್ ಆಯಿತು.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ನಮ್ಮ ವೈದ್ಯಪಂಡಿತರು ಅದನ್ನು ಪೌರುಷಗ್ರಂಥಿ ಎನ್ನುತ್ತಾರೆ. ಮೂತ್ರಕೋಶದ ಬಾಯಿಯ ಕೆಳಗೆ ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡು ಕುಳಿತಿರುತ್ತದೆ. ಪ್ರಾಯದಲ್ಲಿ ಅದರ ತೂಕ ಸುಮಾರು ೨೦ ಗ್ರಾಮು, ಗಾತ್ರ ಸಿಪ್ಪೆ ಸಹಿತದ ಅಡಿಕೆಕಾಯಿಯಷ್ಟು. ವಯಸ್ಸಾದಂತೆ ಅದು ಬೆಳೆಯುತ್ತದೆ. ೬೦ ದಾಟಿದ ಗಂಡಸರಲ್ಲಿ ಸುಮಾರು ಅರ್ಧ ಮಂದಿಗೆ ಹೀಗೆ ಬೆಳೆದಿರುತ್ತದೆ. ಬೆಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಬಹುಮಟ್ಟಿಗೆ ನಿರುಪದ್ರವಿಯಾದ ಬೆಳವಣಿಗೆಯೇ. ಆದರೆ ಉಂಗುರ ದಪ್ಪವಾದರೆ ಬೆರಳಿಗೆ ಬಿಗಿಯಾಗುವಂತೆ ನಾಳಕ್ಕೆ ಬಿಗಿಯಾಗುತ್ತದೆ. ಮೂತ್ರ ಕಟ್ಟುವ ಈ ಬಗೆಯ ತೊಂದರೆ ಹೊಸದೇನೂ ಅಲ್ಲ. ಸುಶ್ರುತಸಂಹಿತೆಯಲ್ಲಿ ಮೂತ್ರಾಘಾತದ ಪ್ರಕರಣವಿದೆ. ಅಲ್ಲಿ 'ವಾತಾಷ್ಠೀಲಾ' ಎಂದು ಗುಂಡುಕಲ್ಲಿನಂತಹ ಗಡ್ಡೆಯ ವರ್ಣನೆಯಿದೆ.

ಈ ಗ್ರಂಥಿಯನ್ನು ತೆಗೆಯುವ ವಿದ್ಯೆಗೆ ನಮ್ಮ ದೇಶದ ಸಂಬಂಧವೂ ಒಂದಿಷ್ಟು ಉಂಟು. ಐರ್ಲೆಂಡಿನ ಪೀಟರ್ ಫ್ರೆಯರ್ ಎಂಬ ವೈದ್ಯ ೧೮೭೫ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿ ೨೦ ವರ್ಷ ಇಲ್ಲಿ ಮೂತ್ರಕೋಶದ ಕಲ್ಲುಗಳನ್ನು ಒಡೆದು ತೆಗೆದು ಕೈ ಪಳಗಿಸಿಕೊಂಡವನು. ಲಂಡನ್ನಿಗೆ ಹಿಂದಿರುಗಿ ೧೯೦೧ರಲ್ಲಿ, ಹೊಟ್ಟೆಯನ್ನು ಕೊಯ್ದು ಬೆರಳಿನಿಂದ ಗ್ರಂಥಿಯನ್ನು ಬಿಡಿಸುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದನು. ಅದು ಬಹುಕಾಲ ಅವನ ಹೆಸರಿನಲ್ಲೇ ನಡೆಯಿತು. ಈಗ ಸಾಮಾನ್ಯವಾಗಿ ಹೊಟ್ಟೆಯನ್ನು ಕೊಯ್ಯುವುದಿಲ್ಲ. ಮೂತ್ರದ್ವಾರದಿಂದಲೇ ಸಣ್ಣ ಕೊಳವೆಯನ್ನು ಒಳಗೆ ಬಿಟ್ಟು, ಅದರ ತುದಿಯ ವಿದ್ಯುತ್ ತಂತಿಯ ಕುಣಿಕೆಯಿಂದಲೋ ಲೇಸರ್ ಕಿರಣದಿಂದಲೋ ಬೆಳೆದ ಭಾಗವನ್ನು ಕೆರೆದು ತೆಗೆಯುತ್ತಾರೆ. ಬಾವಿಯ ಒಳಗೋಡೆಯಿಂದ ಹೂಳನ್ನು ಕೆರೆದಂತೆ. ಎರಡು ಮೂರು ದಿನ ನಳಿಗೆ ಇರುತ್ತದೆ, ಅನಂತರ ಮನೆ.

ಮನೆಗೆ ಬಂದ ಮೇಲೆ ಹೊರಗೆ ಗಾಯ ಕಾಣದು. ಹೊಲಿಗೆಯಿಲ್ಲ, ಪಟ್ಟಿಯಿಲ್ಲ. ಇದೇ ಮೋಸ. ಕೆರೆದ ಜಾಗ ಒಳಗೆ ಹಸಿಗಾಯವಾಗಿಯೇ ಇರುತ್ತದೆ. ಅದು ಮಾಯಲು ಆರರಿಂದ ಹನ್ನೆರಡು ವಾರ ಬೇಕು. ಅದರ ಮೇಲೆಯೇ ದಿನಕ್ಕೆ ಏಳೆಂಟು ಸಲ ಮೂತ್ರ ಹಾಯುತ್ತದೆ. ಹತ್ತು ಹದಿನೈದು ದಿನಗಳಾದ ಮೇಲೆ ಹೆಕ್ಕಳೆ ಕಳಚಿ ಮತ್ತೆ ಕೆಂಪು ಕಾಣಿಸಿಕೊಳ್ಳುವುದುಂಟು. ಈ ರಕ್ತ, ಕಳಚಿದ ಅಂಗಾಂಶದ ಚೂರು, ಹಳೆಯ ಹೆಪ್ಪು, ಇವೆಲ್ಲ ಮೂತ್ರದ ಜೊತೆ ಹೋಗುವಾಗ ಅದರ ಬಣ್ಣವೂ ವಾಸನೆಯೂ ಮೊದಲಿನಂತೆ ಇರುವುದು ಹೇಗೆ? ಇದನ್ನು ಯಾರಾದರೂ ಮುಂಚೆಯೇ ಮಾವನವರಿಗೆ ಹೇಳಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಹೆಸರುಗಳಿದ್ದವು, ವಾಸನೆಯ ಮಾತಿರಲಿಲ್ಲ. ಅವರು ಕೇಳಲಿಲ್ಲ, ಡಾಕ್ಟರರು ಹೇಳಲಿಲ್ಲ.

ಮೂರನೆಯ ವಾರದಲ್ಲಿ ವಾಸನೆ ಪ್ರಾರಂಭವಾಯಿತು. ಒಮ್ಮೆ ಕುದುರೆಲಾಯದಂತೆ ಘಾಟು, ಒಮ್ಮೆ ತುಕ್ಕಿನಂತೆ, ಇನ್ನೊಮ್ಮೆ ಬೆಲ್ಲದ ಪಾಕ ತಳಹಿಡಿದಂತೆ. ಜೊತೆಗೆ ಕೆಮ್ಮಿದರೆ, ಬಗ್ಗಿದರೆ ಒಂದೆರಡು ಹನಿ ಜಾರುವುದು. ಶುಚಿತ್ವದಲ್ಲಿ ಅವರು ಮೊದಲಿನಿಂದಲೂ ಕಟ್ಟುನಿಟ್ಟಿನವರು. ಮೈಯಿಂದ ವಾಸನೆ ಬರುತ್ತಿದೆ ಎಂಬ ಶಂಕೆಯೇ ಅವರಿಗೆ ಸಾಕಾಯಿತು. ಅತ್ತೆಯವರನ್ನು ಕೇಳಿದರೆ 'ನನಗೇನೂ ಬರೂದಿಲ್ರೀ' ಎಂದರು. ಅದು ನಿಜ, ೨೦೨೧ರಲ್ಲಿ ಕೋವಿಡ್ ಬಂದು ಹೋದ ಮೇಲೆ ಅವರ ಮೂಗು ಸರಿಯಾಗಿ ಕೆಲಸ ಮಾಡುತ್ತಿಲ್ಲ, ಒಗ್ಗರಣೆ ಸೀದರೂ ತಿಳಿಯುವುದಿಲ್ಲ. ಆದರೆ ಮಾವನವರು, ಹೆಂಡತಿ ತಮ್ಮ ಮೇಲಿನ ಮರುಕದಿಂದ ಸುಳ್ಳು ಹೇಳುತ್ತಿದ್ದಾಳೆಂದು ತಿಳಿದರು. ಹೀಗಾಗಿ ಒಬ್ಬರ ಮೂಗಿಗೆ ಏನೂ ತಿಳಿಯದು, ಇನ್ನೊಬ್ಬರ ಮೂಗಿಗೆ ತಿಳಿಯಬೇಕಾದ್ದಕ್ಕಿಂತ ಹೆಚ್ಚು ತಿಳಿಯುವುದು.

ಅವರು ಒಂದು ಉಪಾಯ ಕಂಡುಕೊಂಡರು: ನೀರು ಕುಡಿಯುವುದನ್ನು ಬಿಟ್ಟರು. ಕುಡಿಯದಿದ್ದರೆ ಬಾರದು, ಬಾರದಿದ್ದರೆ ನಾರದು ಎಂಬ ಲೆಕ್ಕ. ಬೆಳಗಿನ ಕಾಫಿ, ಊಟದ ಕೊನೆಗೆ ಅರ್ಧ ಲೋಟ ಮಜ್ಜಿಗೆ, ದಿನವೆಲ್ಲ ಅಷ್ಟೇ. ಅದೂ ಮಾರ್ಚಿ ತಿಂಗಳ ವಡೋದರೆಯಲ್ಲಿ! ಹಿಂದಿನ ಕೋಣೆಗೆ ಹಾಸಿಗೆಯನ್ನು ಬದಲಾಯಿಸಿದರು. ಮೊಮ್ಮಗ ತೊಡೆಯ ಮೇಲೆ ಕೂರಲು ಬಂದರೆ 'ಹೋಗೋ ಆಡಿಕೋ' ಎಂದು ಸಾಗಹಾಕಿದರು. ಯುಗಾದಿಗೆ ಅಹಮದಾಬಾದಿನಲ್ಲಿ ನಮ್ಮ ಸಂಘದ ಊಟವಿತ್ತು. ೨೦ ವರ್ಷಗಳಿಂದ ತಪ್ಪದೆ ಬರುತ್ತಿದ್ದವರು ಆ ವರ್ಷ 'ಮಂಡಿನೋವು' ಎಂದು ಹೇಳಿ ಕಳುಹಿಸಿದರು. ಮಂಡಿ ಚೆನ್ನಾಗಿಯೇ ಇತ್ತು.

ಈ ಲೆಕ್ಕದಲ್ಲಿ ತಪ್ಪೆಲ್ಲಿ ಎಂಬುದನ್ನು ಹೇಳಬೇಕು. ಮೂತ್ರದಲ್ಲಿ ನೂರಕ್ಕೆ ೯೫ ಪಾಲು ನೀರೇ. ಉಳಿದುದರಲ್ಲಿ ಮುಖ್ಯವಾದುದು ಯೂರಿಯಾ. ಹೊಲಕ್ಕೆ ಹಾಕುವುದೂ ಅದೇ ವಸ್ತು, ಅದನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ ಅಷ್ಟೆ. ಯೂರಿಯಾಕ್ಕೆ ಸ್ವತಃ ವಾಸನೆಯಿಲ್ಲ. ಆದರೆ ಕೆಲವು ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವದಿಂದ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ; ಘಾಟು ಅದರದು. ಬಸ್ ನಿಲ್ದಾಣಗಳ ಮೂತ್ರಾಲಯಗಳಲ್ಲಿ ಕಣ್ಣು ಉರಿಯುವುದು ಹೊಸ ಮೂತ್ರದಿಂದಲ್ಲ, ನಿಂತು ಹಳಸಿದ ಮೂತ್ರದಿಂದ. ನೀರು ಕಡಿಮೆಯಾದರೆ ಇದ್ದ ಲವಣಗಳೆಲ್ಲ ಸ್ವಲ್ಪ ನೀರಿನಲ್ಲೇ ಇರಬೇಕಾಗಿ ವಾಸನೆ ದಟ್ಟವಾಗುತ್ತದೆ. ಮೂತ್ರಕೋಶ ಆಗಾಗ ತೊಳೆದುಹೋಗುವುದಿಲ್ಲವಾದ್ದರಿಂದ ಸೂಕ್ಷ್ಮಜೀವಿಗಳಿಗೂ ಬಿಡುವು ಸಿಗುತ್ತದೆ. ಮಾವನವರು ವಾಸನೆಯನ್ನು ಹೋಗಲಾಡಿಸಲು ಮಾಡಿದ್ದೇ ವಾಸನೆಯನ್ನು ಇಮ್ಮಡಿಸಿತು. ಗುಜರಾತಿನ ಬಿಸಿಲೂ ಇದಕ್ಕೆ ಕೈ ಕೂಡಿಸಿತು. ಅಹಮದಾಬಾದಿನಲ್ಲಿ ೨೦೧೬ರ ಮೇ ೨೦ರಂದು ೪೮ ಡಿಗ್ರಿ ಸೆಲ್ಸಿಯಸ್ ದಾಖಲಾದುದನ್ನು ನಮ್ಮಲ್ಲಿ ಅನೇಕರು ಅನುಭವಿಸಿದ್ದೇವೆ. ಈ ನಾಡಿನಲ್ಲಿ ಕುಡಿದ ನೀರಿನ ಬಹುಪಾಲು ಬೆವರಾಗಿಯೇ ಹೋಗುತ್ತದೆ; ಮೂತ್ರಕ್ಕೆ ಉಳಿಯುವುದು ಸ್ವಲ್ಪ. ಧಾರವಾಡದಲ್ಲಿ ಸಾಕಾಗುವ ನೀರು ಇಲ್ಲಿ ಸಾಲದು.

ಗುಟ್ಟು ರಟ್ಟಾದದ್ದು ನಮ್ಮ ಮನೆಯವರು ತವರಿಗೆ ಹೋದಾಗ. ಅವರ ಮೂಗು ಚುರುಕು, ನಾಲಿಗೆ ಇನ್ನೂ ಚುರುಕು. 'ಅಪ್ಪಾ, ಡಾಕ್ಟರಿಗೆ ತೋರಿಸಿದೀರೋ ಇಲ್ಲೋ?' ಎಂದು ನೇರವಾಗಿ ಕೇಳಿದರು. ಮಾವನವರು ಅರ್ಧ ದಿನ ಮಾತಾಡಲಿಲ್ಲ. ಸಂಜೆ ತಾವಾಗಿಯೇ 'ನಾಳೆ ಟೆಸ್ಟಿಗೆ ಕೊಡ್ತೀನಿ' ಎಂದರು.

ಮರುದಿನದ ಕಥೆ ಸ್ವಾರಸ್ಯವಾಗಿದೆ. ಬೆಳಿಗ್ಗೆ ೬ ಗಂಟೆಗೆ, ತೊಳೆದಿಟ್ಟಿದ್ದ ಉಪ್ಪಿನಕಾಯಿಯ ಸೀಸೆಯೊಂದರಲ್ಲಿ ಮೂತ್ರವನ್ನು ಹಿಡಿದು, ಕಾಗದ ಸುತ್ತಿ, ಚೀಲದಲ್ಲಿಟ್ಟುಕೊಂಡು ಕುಳಿತರು. ಪ್ರಯೋಗಶಾಲೆಯ ಬಾಗಿಲು ತೆರೆಯುವುದು ೯ಕ್ಕೆ. ಬಸ್ಸು ಸಿಗಲಿಲ್ಲ, ದಾರಿಯಲ್ಲಿ ಪರಿಚಿತರು ಸಿಕ್ಕರು, ಕೊಡುವಷ್ಟರಲ್ಲಿ ಹತ್ತೂವರೆ. ಮೂರು ದಿನದ ಮೇಲೆ ಬಂದ ವರದಿಯಲ್ಲಿ ಕೀವಿನ ಕಣಗಳು ಬೇಕಾದಷ್ಟು, ಬಗೆಬಗೆಯ ಸೂಕ್ಷ್ಮಜೀವಿಗಳ ಬೆಳವಣಿಗೆ. 'ಕೀವು' ಎಂಬ ಮಾತನ್ನು ಓದಿ ಮನೆಯೆಲ್ಲ ನಡುಗಿತು. ಪಕ್ಕದ ಬೀದಿಯ ಔಷಧದ ಅಂಗಡಿಯವನು ವರದಿಯನ್ನು ನೋಡಿ ಐದು ದಿನದ ಮಾತ್ರೆ ಕಟ್ಟಿಕೊಡಲು ಸಿದ್ಧನಾದನು. ಹಾಗೆ ಡಾಕ್ಟರರ ಚೀಟಿ ಇಲ್ಲದೆ ಅಂತಹ ಮಾತ್ರೆಗಳನ್ನು ಕೊಡುವಂತಿಲ್ಲ. ಬಲವಾದ ಹಲವು ಆಂಟಿಬಯೋಟಿಕ್‌ಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ಎಚ್-೧ ಪಟ್ಟಿಯ ನಿಯಮ ೨೦೧೪ರಿಂದಲೇ ಜಾರಿಯಲ್ಲಿದೆ. ನಿಯಮ ಜಾರಿಯಲ್ಲಿರುವುದಕ್ಕೂ ನಡೆಯುವುದಕ್ಕೂ ಇರುವ ಅಂತರವನ್ನು ಕಚೇರಿಯಲ್ಲಿ ಕುಳಿತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೃಷ್ಟವಶಾತ್ ನಮ್ಮ ಮನೆಯವರು ಮಾತ್ರೆ ಕೊಳ್ಳಗೊಡದೆ ತಂದೆಯನ್ನು ಶಸ್ತ್ರಕ್ರಿಯೆ ಮಾಡಿದ ಡಾಕ್ಟರರ ಬಳಿಗೇ ಕರೆದೊಯ್ದರು. ಆ ಹೊತ್ತಿಗೆ ನಾವೂ ರೈಲು ಹತ್ತಿ ಹೋಗಿದ್ದೆವು.

ಡಾಕ್ಟರರು ಮೊದಲು ನಕ್ಕರು. ಉಪ್ಪಿನಕಾಯಿಯ ಸೀಸೆಯಲ್ಲಿ, ಆ ಸೆಖೆಯಲ್ಲಿ, ನಾಲ್ಕೂವರೆ ಗಂಟೆ ಕಾಲ ಇಟ್ಟ ಮೂತ್ರದಲ್ಲಿ ಸೂಕ್ಷ್ಮಜೀವಿ ಬೆಳೆಯದೆ ಇನ್ನೇನು ಬೆಳೆಯಬೇಕು ಎಂದರು. ಆಮೇಲೆ ತಿಳಿಯ ಹೇಳಿದರು. ಕಲ್ಚರ್ ಪರೀಕ್ಷೆಗೆ ಕೊಡುವ ಮೂತ್ರಕ್ಕೆ ಪ್ರಯೋಗಶಾಲೆಯವರೇ ಕೊಡುವ ಮುಚ್ಚಳದ ಡಬ್ಬಿ ಬೇಕು; ತೊಳೆದುಕೊಂಡು, ಮೊದಲು ಬರುವುದನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು; ಒಂದೆರಡು ಗಂಟೆಯೊಳಗೆ ತಲುಪಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಬೇಕು. (ಅತ್ತೆಯವರ ಮುಖವನ್ನು ನೋಡಿ, 'ಆಗದಿದ್ದರೆ ಇಲ್ಲಿಗೇ ಬಂದು ಕೊಡಿ' ಎಂದು ಸೇರಿಸಿದರು.) ಕೀವಿನ ಕಣ ಎಂದರೆ ರಕ್ತದ ಬಿಳಿಕಣಗಳೇ, ಒಳಗೆ ಗಾಯ ಮಾಯುತ್ತಿರುವ ತನಕ, ಎಂದರೆ ಎರಡು ಮೂರು ತಿಂಗಳ ಕಾಲ, ಸೋಂಕಿಲ್ಲದಿದ್ದರೂ ಅವು ಮೂತ್ರದಲ್ಲಿ ಕಾಣುತ್ತವೆ. ಬಗೆಬಗೆಯ ಜೀವಿಗಳು ಬೆಳೆದಿವೆ ಎಂದರೆ ಬಹುಮಟ್ಟಿಗೆ ಸೀಸೆಯದೋ ಚರ್ಮದ್ದೋ ಮೈಲಿಗೆ. ಜ್ವರವಿಲ್ಲ, ಉರಿಯಿಲ್ಲ, ಧಾರೆ ಚೆನ್ನಾಗಿದೆ, ಹೊಟ್ಟೆನೋವಿಲ್ಲ. ಬರಿಯ ವಾಸನೆಗಾಗಿ ಮಾತ್ರೆ ನುಂಗುವುದು ಬೇಡ ಎಂದರು. ನಳಿಗೆ ಹಾಕಿದವರ ವಿಷಯದಲ್ಲಿ ಅಮೆರಿಕೆಯ ಸೋಂಕುರೋಗ ತಜ್ಞರ ಸಂಘವೂ ೨೦೦೯ರಲ್ಲಿ ಹೀಗೆಯೇ ವಿಧಿಸಿತೆಂದು ಆಮೇಲೆ ಓದಿದೆವು: ವಾಸನೆ ಅಥವಾ ಕದಡು ಒಂದೇ ಇದ್ದರೆ ಅದನ್ನು ಸೋಂಕೆಂದು ತೀರ್ಮಾನಿಸಕೂಡದು. ನಳಿಗೆ ಒಂದೊಂದು ದಿನ ಹೆಚ್ಚಿಗೆ ಇದ್ದಂತೆಲ್ಲ ಸೂಕ್ಷ್ಮಜೀವಿಗಳು ಬಂದು ಸೇರುತ್ತವೆ, ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತವೆ, ಇದ್ದಮಾತ್ರಕ್ಕೆ ರೋಗವಲ್ಲ.

ಸರಿಯಾದ ಡಬ್ಬಿಯಲ್ಲಿ ಮತ್ತೆ ಪರೀಕ್ಷೆಯಾಯಿತು. ಏನೂ ಬೆಳೆಯಲಿಲ್ಲ.

ಬೆಲ್ಲದ ಪಾಕದ ವಾಸನೆಯೊಂದು ಉಳಿದಿತ್ತು. ಸಕ್ಕರೆಯ ಕಾಯಿಲೆಯೆಂದು ಮಾವನವರು ಹೆದರಿದ್ದರು. ರಕ್ತ ನೋಡಿದರೆ ಸಕ್ಕರೆ ಸರಿಯಾಗಿಯೇ ಇತ್ತು. 'ಏನೇನು ತಿನ್ನುತ್ತೀರಿ?' ಎಂದು ಡಾಕ್ಟರರು ಕೇಳಿದಾಗ ಅತ್ತೆಯವರು ಪಟ್ಟಿ ಒಪ್ಪಿಸಿದರು. ಪಕ್ಕದ ಮನೆಯ ಬೆನ್, ಆಪರೇಷನ್ ಆದವರಿಗೆ ಬಲ ಬರಲೆಂದು ಒಂದು ದೊಡ್ಡ ಡಬ್ಬಿ ಮೇಥಿಯ ಲಾಡು ಮಾಡಿಕೊಟ್ಟಿದ್ದರು. ಪಾಪ, ಚಳಿಗಾಲದಲ್ಲಿ ಗುಜರಾತಿ ಮನೆಗಳಲ್ಲಿ ಬಾಣಂತಿಗೂ ಮುದುಕರಿಗೂ ಅದೇ ಪಥ್ಯ. ದಿನಕ್ಕೆರಡು ಲಾಡು, ಅದರ ಮೇಲೆ ಮೇಥಿ ಥೇಪ್ಲಾ, ನಮ್ಮವರ ಮೆಂತ್ಯದ ಹಿಟ್ಟು ಬೇರೆ. ಮೆಂತ್ಯದಲ್ಲಿ ಸೊಟೊಲೋನ್ ಎಂಬ ಸುವಾಸನೆಯ ವಸ್ತುವಿದೆ. ತಿಂದವರ ಬೆವರಿನಲ್ಲೂ ಮೂತ್ರದಲ್ಲೂ ಅದು ಹೊರಬಂದು ಕಾಯಿಸಿದ ಸಕ್ಕರೆಯ ವಾಸನೆಯನ್ನೇ ಕೊಡುತ್ತದೆ. ಉಪದ್ರವವೇನೂ ಇಲ್ಲ. ಬೆಳ್ಳುಳ್ಳಿ, ಕಾಫಿ, ಬಿ ಜೀವಸತ್ವದ ಮಾತ್ರೆ, ಕೆಲವು ಆಂಟಿಬಯೋಟಿಕ್‌ಗಳು ಇವೂ ತಮ್ಮ ತಮ್ಮ ವಾಸನೆಯನ್ನು ಬಿಡುತ್ತವೆ. ಮಧುಮೇಹ ಮಿತಿಮೀರಿದಾಗ ಮಾತ್ರ ಹಣ್ಣು ಕೊಳೆತಂತಹ ಒಂದು ವಾಸನೆ ಬರುತ್ತದೆ. ಅದರ ಜೊತೆಗೆ ವಾಂತಿ, ಸುಸ್ತು, ಏದುಸಿರು ಇದ್ದರೆ ಅದು ಬೇರೆಯೇ ಅವಸರದ ವಿಷಯ.

ತಿಂದದ್ದು ಮೂತ್ರದಲ್ಲಿ ನಾರುವುದನ್ನು ದೊಡ್ಡವರೂ ಗಮನಿಸಿದ್ದಾರೆ. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ೧೭೮೧ರ ಸುಮಾರಿಗೆ ಬರೆದ ಒಂದು ವಿನೋದದ ಪತ್ರದಲ್ಲಿ, ಆಸ್ಪರಾಗಸ್ ಎಂಬ ತರಕಾರಿಯ ನಾಲ್ಕು ಕಡ್ಡಿ ತಿಂದರೆ ಮೂತ್ರ ದುರ್ವಾಸನೆಯಾಗುವುದೆಂದೂ, ಬಟಾಣಿಯಷ್ಟು ಟರ್ಪೆಂಟೈನ್ ನುಂಗಿದರೆ ನೇರಳೆ ಹೂವಿನ ಪರಿಮಳ ಬರುವುದೆಂದೂ ಹೇಳಿದ್ದಾನೆ. ಟರ್ಪೆಂಟೈನ್ ವಿಷ, ವಾಚಕರು ಪ್ರಯೋಗಿಸದಿರಲಿ.

ನೀರಿನ ಪ್ರಮಾಣ ಗೊತ್ತಾಯಿತು: ದಿನಕ್ಕೆ ಎರಡರಿಂದ ಎರಡೂವರೆ ಲೀಟರು, ಬೇಸಗೆಯಲ್ಲಿ ಬೆವರಿಗೆ ತಕ್ಕಂತೆ ಇನ್ನಷ್ಟು, ಸಂಜೆ ೭ರ ಮೇಲೆ ಕಡಿಮೆ ಮಾಡುವುದು. ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿರುವವರಿಗೆ ಈ ಲೆಕ್ಕ ಸಲ್ಲದು, ಅವರ ಡಾಕ್ಟರರು ಹೇಳಿದಷ್ಟೇ. ಬಾರ್ಲಿ ನೀರು, ಎಳನೀರು, ಮಜ್ಜಿಗೆ ಎಲ್ಲವೂ ಒಳ್ಳೆಯವೇ. ಅವುಗಳಲ್ಲಿ ಮಂತ್ರವೇನಿಲ್ಲ, ನೀರು ಹೋಗುತ್ತದೆ ಅಷ್ಟೆ. ಹನಿ ಜಾರುವುದಕ್ಕೆ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಹೇಳಿಕೊಟ್ಟರು. ಅರ್ನಾಲ್ಡ್ ಕೀಗಲ್ ಎಂಬ ವೈದ್ಯ ೧೯೪೮ರಲ್ಲಿ ಬಾಣಂತಿಯರಿಗೆಂದು ಪ್ರಚಾರಕ್ಕೆ ತಂದದ್ದು ಅದು. ಮಾವನವರು ಸಂಧ್ಯಾವಂದನೆಯ ಜೊತೆಗೇ ಅದನ್ನೂ ಸೇರಿಸಿಕೊಂಡರು. ಮತ್ತೊಂದು ಮಾತನ್ನು ನಮ್ಮನ್ನು ಹೊರಗೆ ಕಳುಹಿಸಿ ದಂಪತಿಗಳಿಬ್ಬರಿಗೇ ಹೇಳಿದರು. ಬರೆಯದಿದ್ದರೆ ಯಾರಿಗಾದರೂ ಆತಂಕವಾದೀತೆಂದು ಬರೆಯುತ್ತೇವೆ. ಈ ಶಸ್ತ್ರಕ್ರಿಯೆಯಾದ ಬಹಳ ಮಂದಿಯಲ್ಲಿ ವೀರ್ಯ ಹಿಂದಕ್ಕೆ ಸರಿದು ಮೂತ್ರಕೋಶವನ್ನು ಸೇರುತ್ತದೆ. ಆಮೇಲಿನ ಮೂತ್ರ ಕದಡಿದಂತೆ ಕಾಣುತ್ತದೆ. ಅದು ಕೀವಲ್ಲ, ರೋಗವಲ್ಲ.

ಬಟ್ಟೆಯ ವಿಷಯ ಹೆಂಗಸರ ಕೈಯಲ್ಲಿದೆ, ಆದ್ದರಿಂದ ಯಾರೂ ಬರೆಯುವುದಿಲ್ಲ. ಮೈಯ ವಾಸನೆಯೆಂದು ಮಾವನವರು ಕೊರಗಿದ್ದು ಬಹುಪಾಲು ಬಟ್ಟೆಯದಾಗಿತ್ತು. ಹನಿ ಬಿದ್ದ ಪಂಚೆಯನ್ನು ನಾಚಿಕೆಯಿಂದ ಮಂಚದ ಕೆಳಗೆ ಸುತ್ತಿಟ್ಟು, ಎರಡು ದಿನದ ಮೇಲೆ ಒಗೆಯಲು ಹಾಕುತ್ತಿದ್ದರು. ಯೂರಿಯಾ ಅಮೋನಿಯಾ ಆಗಲು ಅಷ್ಟು ಹೊತ್ತು ಬೇಡ. ತೊಟ್ಟದ್ದನ್ನು ಕೂಡಲೇ ತಣ್ಣೀರಿನಲ್ಲಿ ಜಾಲಿಸಬೇಕು, ಸ್ವಲ್ಪ ಹೊತ್ತು ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಆಮೇಲೆ ಸೋಪು, ಆಮೇಲೆ ಬಿಸಿಲು. ಬಿಸಿಲಿಗಂತೂ ಇಲ್ಲಿ ಬರವಿಲ್ಲ. ಒಂದು ಎಚ್ಚರಿಕೆ: ವಾಸನೆ ಹೋಗಲೆಂದು ಮೂತ್ರದ ಬಟ್ಟೆಯ ಮೇಲೆ ಬ್ಲೀಚಿಂಗ್ ಸುರಿಯಬಾರದು, ಬ್ಲೀಚಿಂಗಿನ ಜೊತೆ ಆಸಿಡ್ಡನ್ನಾಗಲಿ ವಿನಿಗರನ್ನಾಗಲಿ ಬೆರೆಸಲೇಬಾರದು. ಅಮೋನಿಯಾ ತಗಲಿದರೂ ಆಮ್ಲ ತಗಲಿದರೂ ಅದರಿಂದ ಉಸಿರುಕಟ್ಟಿಸುವ ಹೊಗೆ ಏಳುತ್ತದೆ. ಬಾಗಿಲು ಹಾಕಿದ ಬಚ್ಚಲುಮನೆಯಲ್ಲಿ ಅದು ಅಪಾಯ.

ನಾಚಿಕೆಯ ಮಾತು ಬಂತಲ್ಲ, ಒಂದು ಸಂಗತಿ. ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್‌ಗೆ ೧೯೬೩ರ ಅಕ್ಟೋಬರಿನಲ್ಲಿ ಮೂತ್ರ ಕಟ್ಟಿತು. ಇನ್ನು ತನ್ನ ಕಾಲ ಮುಗಿಯಿತೆಂದು ಹೆದರಿ ರಾಜೀನಾಮೆ ಕೊಟ್ಟನು. ಶಸ್ತ್ರಕ್ರಿಯೆಯಲ್ಲಿ ನೋಡಿದರೆ ಗ್ರಂಥಿ ನಿರುಪದ್ರವಿ. ಅವನು ೧೯೮೬ರ ತನಕ, ೯೨ ವರ್ಷ ತುಂಬುವ ತನಕ ಬದುಕಿದನು. ಮರು ವರ್ಷವೇ, ೧೯೬೪ರ ಏಪ್ರಿಲಿನಲ್ಲಿ, ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಇದೇ ಆಪರೇಷನ್ ಮಾಡಿಸಿಕೊಂಡು ಎದ್ದು ಬಂದು ಇನ್ನೂ ಐದು ವರ್ಷ ರಾಜ್ಯವಾಳಿದನು. ಇನ್ನು ನಮ್ಮ ಈ ಗುಜರಾತಿನ ನೆಲದಲ್ಲಿಯೇ, ವಲಸಾಡದ ಬಳಿಯ ಭದೇಲಿಯಲ್ಲಿ ೧೮೯೬ರಲ್ಲಿ ಹುಟ್ಟಿದ ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾಗಿದ್ದಾಗಲೇ ತಮ್ಮ ಮೂತ್ರಪಾನದ ವಿಚಾರವನ್ನು ೧೯೭೮ರಲ್ಲಿ ಅಮೆರಿಕೆಯ ದೂರದರ್ಶನದವರೆದುರು ನಿಸ್ಸಂಕೋಚವಾಗಿ ಹೇಳಿದರು. ಆ ಚಿಕಿತ್ಸೆಗೆ ವೈಜ್ಞಾನಿಕ ಆಧಾರವಿಲ್ಲ; ಒಳಗೆ ಹಸಿಗಾಯವಿರುವವರು ಅದರ ಗೋಜಿಗೆ ಹೋಗುವುದಂತೂ ಬೇಡ. ಆದರೆ ಆ ನಿಸ್ಸಂಕೋಚದಲ್ಲಿ ಕಾಲುಭಾಗ ಮಾವನವರಿಗೆ ಇದ್ದಿದ್ದರೆ ಎಂದು ನಾವು ಎಷ್ಟೋ ಸಲ ಅಂದುಕೊಂಡೆವು.

ಮಾವನವರು ಚೇತರಿಸಿಕೊಂಡರು. ನಾವು ಅರ್ಧ ವೈದ್ಯರಾದೆವು. ಅಪಾಯ ಅಲ್ಲಿಂದ ಪ್ರಾರಂಭ.

ಅದೇ ಆಗಸ್ಟಿನಲ್ಲಿ ಸೂರತ್ತಿನ ರಾಯರು ಫೋನು ಮಾಡಿದರು. ೭೨ ವರ್ಷ, ಸಕ್ಕರೆಯ ಕಾಯಿಲೆಯಿದೆ. ಆರು ವಾರದ ಹಿಂದೆ ಅವರಿಗೂ ಇದೇ ಆಪರೇಷನ್ ಆಗಿತ್ತು. ಮಾವನವರ ಕಥೆ ಸಂಘದವರ ಬಾಯಿಯಿಂದ ಅವರ ಕಿವಿಗೆ ಬಿದ್ದಿತ್ತು. 'ನನಗೂ ಕೆಟ್ಟ ವಾಸನೆ ಬರ್ತಿದೆಯಪ್ಪ' ಎಂದರು. ನಾವು ಯೂರಿಯಾ, ಅಮೋನಿಯಾ, ಹಸಿಗಾಯ, ಮೆಂತ್ಯ ಎಂದು ಕಾಲುಗಂಟೆ ಉಪನ್ಯಾಸ ಮಾಡಿದೆವು. ನಡುವೆ ಅವರು 'ಸ್ವಲ್ಪ ಉರಿ, ನಿನ್ನೆಯಿಂದ ಚಳಿಚಳಿ ಅನಿಸ್ತದೆ, ಧಾರೆಯೂ ಸಣ್ಣಗಾಗಿದೆ' ಎಂದದ್ದು ನಮ್ಮ ಕಿವಿಗೆ ಬಿದ್ದಿತ್ತು. ಬಿದ್ದದ್ದು ಕಿವಿಗೆ ಮಾತ್ರ. ಸೂರತ್ತಿನಲ್ಲಿ ಆ ವಾರ ಮಳೆ ಹಿಡಿದಿತ್ತು, ಮಳೆಗೆ ಚಳಿಯೆಂದುಕೊಂಡೆವು. 'ಚೆನ್ನಾಗಿ ನೀರು ಕುಡಿಯಿರಿ, ಹೆದರಬೇಡಿ' ಎಂದು ಫೋನಿಟ್ಟೆವು. ಮನೆಯಲ್ಲಿ ಉಳಿದಿದ್ದ ಹಳೆಯ ಮಾತ್ರೆಗಳಲ್ಲಿ ನಾಲ್ಕನ್ನು ಅವರು ನುಂಗಿದ್ದರಂತೆ. ಅದನ್ನು ನಾವು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ಮೂರನೆಯ ರಾತ್ರಿ ಮೈ ಗಡಗಡ ನಡುಗಿ ೧೦೩ ಡಿಗ್ರಿ ಜ್ವರ ಬಂದಿತು. ಮಾತು ತೊದಲತೊಡಗಿತು. ಮಗ ಆಸ್ಪತ್ರೆಗೆ ಕರೆದೊಯ್ದನು. ನಾಳ ಮತ್ತೆ ಕಟ್ಟಿಕೊಂಡು ಮೂತ್ರಕೋಶದಲ್ಲಿ ಹಳೆಯ ಮೂತ್ರ ನಿಂತಿತ್ತು. ಸೋಂಕು ರಕ್ತಕ್ಕೆ ಏರಿತ್ತು. ಕಲ್ಚರಿನಲ್ಲಿ ಬೆಳೆದ ಜೀವಿಗೆ ಸಾಮಾನ್ಯದ ಮಾತ್ರೆಗಳಾವುವೂ ತಟ್ಟಲಿಲ್ಲ. ಎಂಟು ದಿನ ರಕ್ತನಾಳದ ಮೂಲಕ ಔಷಧ ಕೊಟ್ಟರು. ಮೊದಲಿನ ಮೂರು ದಿನ ಡಾಕ್ಟರರು ಯಾವ ಭರವಸೆಯನ್ನೂ ಕೊಡಲಿಲ್ಲ. ಆ ಮೂರು ದಿನ ನಾವು ಕಚೇರಿಯಲ್ಲಿ ಯಾವ ಕಾಗದಕ್ಕೆ ಏನು ಟಿಪ್ಪಣಿ ಬರೆದೆವೋ ದೇವರಿಗೇ ಗೊತ್ತು.

ಎರಡೂ ಮನೆಯಲ್ಲಿ ಇದ್ದದ್ದು ಅದೇ ವಾಸನೆ. ವಾಸನೆಯ ಜೊತೆಗೆ ಇನ್ನೇನಿದೆ ಎಂಬುದರಲ್ಲಿ ವ್ಯತ್ಯಾಸ. ೧೦೦.೪ ಡಿಗ್ರಿ ದಾಟಿದ ಜ್ವರ ಅಥವಾ ನಡುಕ, ಮೂತ್ರ ಕಟ್ಟುವುದು ಇಲ್ಲವೆ ಹನಿಯಾಗಿಳಿಯುವುದು, ದಪ್ಪ ಹೆಪ್ಪುಗಳು, ವೃಷಣದ ಊತ, ಪಕ್ಕೆಯಲ್ಲಿ ನೋವು, ಮುದುಕರಲ್ಲಿ ಇದ್ದಕ್ಕಿದ್ದಂತೆ ಮಂಕು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯಬಾರದು. ಉರಿ ಮೊದಲ ಕೆಲವು ವಾರ ಇರುವುದು ಸಹಜ. ಕಡಿಮೆಯಾಗಿದ್ದ ಉರಿ ಮತ್ತೆ ಏರಿದರೆ ಮಾತ್ರ ಅದು ಸಹಜವಲ್ಲ. ಕ್ಯಾನ್ಸರಿಗಾಗಿ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಬಹು ಅಪರೂಪವಾಗಿ ಗುದಕ್ಕೂ ಮೂತ್ರನಾಳಕ್ಕೂ ನಡುವೆ ತೂತು ಬಿದ್ದು, ಮೂತ್ರಕ್ಕೆ ಮಲದ ವಾಸನೆ ಬರುವುದೂ ಗಾಳಿಯ ಗುಳ್ಳೆಗಳು ಹೋಗುವುದೂ ಉಂಟು. ಅಂತಹವರು ಶಸ್ತ್ರಕ್ರಿಯೆ ಮಾಡಿದವರನ್ನೇ ಕೂಡಲೇ ಕಾಣಬೇಕು.

ಎಲ್ಲಿಗೆ ಹೋಗುವುದೆಂಬ ಚಿಂತೆ ನಮ್ಮ ಮೂರು ಊರುಗಳವರಿಗೆ ಇರಬೇಕಾಗಿಲ್ಲ. ಅಹಮದಾಬಾದಿನ ಅಸಾರ್ವಾದಲ್ಲಿ ಡಾಕ್ಟರ್ ಎಚ್. ಎಲ್. ತ್ರಿವೇದಿಯವರು ೧೯೮೧ರಲ್ಲಿ ಕಟ್ಟಿದ ಮೂತ್ರಪಿಂಡ ಸಂಸ್ಥೆಯಿದೆ; ವಡೋದರೆಗೂ ಅಹಮದಾಬಾದಿಗೂ ನಡುವಿನ ನಡಿಯಾದದಲ್ಲಿ, ಸರದಾರ ಪಟೇಲರು ಹುಟ್ಟಿದ ಊರಿನಲ್ಲಿ, ೧೯೭೮ರಿಂದ ಮುಳಜೀಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆಯಿದೆ; ವಡೋದರೆಯಲ್ಲಿ ಸಯಾಜಿರಾವ್ ಆಸ್ಪತ್ರೆ, ಸೂರತ್ತಿನಲ್ಲಿ ಸಿವಿಲ್ ಆಸ್ಪತ್ರೆ. ಭಾಷೆಯ ತೊಡಕೊಂದಿದೆ. ನಮ್ಮ ಹಿರಿಯರಲ್ಲಿ ಅನೇಕರಿಗೆ ಅಂಗಡಿಯ ಗುಜರಾತಿ ಬರುತ್ತದೆ, ಮೈಯ ಗುಜರಾತಿ ಬರುವುದಿಲ್ಲ. 'ಪ್ರಾಬ್ಲೆಮ್ ಛೆ' ಎಂದು ಹೇಳಿ ಸುಮ್ಮನಾಗುತ್ತಾರೆ. ಪೇಶಾಬ್ ಎಂದರೆ ಮೂತ್ರ, ಬಳತರಾ ಎಂದರೆ ಉರಿ, ತಾವ್ ಎಂದರೆ ಜ್ವರ, ವಾಸ್ ಎಂದರೆ ವಾಸನೆ; ಈ ನಾಲ್ಕು ಮಾತು ಬಂದರೆ ಸಾಕು, ಉಳಿದದ್ದನ್ನು ಡಾಕ್ಟರರೇ ಕೇಳಿಕೊಳ್ಳುತ್ತಾರೆ.

ರಾಯರು ಗುಣವಾಗಿ ಮನೆಗೆ ಬಂದ ಮೇಲೆ ನಾವು ಸೂರತ್ತಿಗೆ ಹೋಗಿ ಕಾಲು ಮುಟ್ಟಿ ನಮಸ್ಕರಿಸಿದೆವು. ಅವರು ಏನೂ ಅನ್ನಲಿಲ್ಲ. ಅವರ ಮನೆಯವರು ಮಾತ್ರ ಲೋಟವನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟರು. ಗೋಡೆಗೆ ಒಂದು ಸಣ್ಣ ಪುಸ್ತಕವನ್ನು ತೂಗುಹಾಕಿದ್ದರು. ಅದರಲ್ಲಿ ದಿನಕ್ಕೆ ಕುಡಿದ ನೀರು, ಜ್ವರ, ಧಾರೆ, ವಾಸನೆ ಎಂದು ನಾಲ್ಕು ಕಲಮು. ವಾಸನೆಯ ಕಲಮಿನಲ್ಲಿ ರಾಯರು ಬರೆದದ್ದನ್ನು ಹೊಡೆದುಹಾಕಿ ಅವರ ಮನೆಯವರೇ ತಿದ್ದಿದ್ದರು. ಮಾವನವರು ಈ ವರ್ಷದ ಯುಗಾದಿ ಊಟಕ್ಕೆ ಬಂದರು. ಮೊಮ್ಮಗ ತೊಡೆಯ ಮೇಲಿದ್ದನು. ಎಲೆಯ ಪಕ್ಕದಲ್ಲಿ ನೀರಿನ ದೊಡ್ಡ ಚೊಂಬನ್ನು ತಾವೇ ತಂದಿಟ್ಟುಕೊಂಡು, ನಡುವೆ ಎರಡು ಸಲ ಪಂಕ್ತಿಯಿಂದ ಎದ್ದು ಹೋಗಿ ಬಂದರು. ಎರಡು ಸಲವೂ ಬಡಿಸುವವರಿಗೆ ತಮ್ಮ ಎಲೆಯನ್ನು ಎತ್ತಬೇಡಿರೆಂದು ಹೇಳಿ ಹೋದರು.